ಹಳೇ ಜಪಾನ್ ನೋಡೋಕೆ ಹೊರಟವರಿಗೆ: ಮ್ಯಾಪ್ ಆಮೇಲೆ, ಮೊದ್ಲು ಗಡಿಯಾರ

ಜಪಾನ್ ಪ್ಲಾನ್ ಮಾಡೋರು ಸಾಮಾನ್ಯವಾಗಿ ಮಾಡೋದೇನಂದ್ರೆ ನೋಡ್ಬೇಕಾದ ಜಾಗಗಳನ್ನೆಲ್ಲ ಮ್ಯಾಪಲ್ಲಿ ಗುರುತು ಹಾಕಿ, ಹತ್ತಿರ ಹತ್ತಿರ ಇರೋದನ್ನೆಲ್ಲ ಒಂದು ದಿನಕ್ಕೆ ಸೇರಿಸಿ ಬಿಡ್ತಾರೆ. ನೋಡೋಕೆ ಸರಿಯಾಗೇ ಕಾಣುತ್ತೆ, ಆದ್ರೆ ಕ್ಯೋಟೋ ತರದ ಊರಲ್ಲಿ ಅದು ಕೈ ಕೊಡುತ್ತೆ, ಯಾಕಂದ್ರೆ ಅಲ್ಲಿ ಒಂದು ದೇವಸ್ಥಾನ ಬೆಳಗ್ಗೆ 6ಕ್ಕೇ ಬಾಗಿಲು ತೆಗೆಯುತ್ತೆ, ಇನ್ನೊಂದು 9ಕ್ಕೆ, ಮತ್ತೊಂದಕ್ಕೆ ಬಾಗಿಲೇ ಇಲ್ಲ, ಸಂಜೆ 5ಕ್ಕೆಲ್ಲ ಬಹುಪಾಲು ಕಡೆ ಟಿಕೆಟ್ ಕೌಂಟರ್ ಮುಚ್ಚಿರುತ್ತೆ, ಮತ್ತೆ ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಎಲ್ಲಾ ಕಡೆ ಜನ ಜನ ಜನ. ಹಂಗಾಗಿ ಯಾವ ಜಾಗ ಎಷ್ಟು ಹೊತ್ತಿಗೆ ತೆಗೆಯುತ್ತೆ ಅಂತ ನೋಡ್ಕೊಂಡು ದಿನ ಜೋಡಿಸಿ. ಇದೊಂದು ಮಾಡಿದ್ರೆ ಪಟ್ಟಿಯಲ್ಲಿ ಅರ್ಧ ಜಾಗ ಕಮ್ಮಿ ಆದ್ರೂ ನೋಡಿದ್ದು ನೆಮ್ಮದಿಯಾಗಿ ನೋಡಿರ್ತೀರ.

ಇಲ್ಲಿ ಹೇಳ್ತಿರೋದು ಪಶ್ಚಿಮ ಜಪಾನಿನ ರೂಟು, ಅಂದ್ರೆ ಕ್ಯೋಟೋ, ನಾರಾ, ಹಿಮೇಜಿ, ಹಿರೋಶಿಮಾ, ಮಿಯಾಜಿಮಾ. ಟೋಕಿಯೋ ಕೊನೆಗೆ ಸ್ವಲ್ಪ ಬರುತ್ತೆ. ಡಿಸ್ನಿಲ್ಯಾಂಡ್, ಅನಿಮೆ ಅಂಗಡಿ ಅಂತ ಹೋಗೋರಿಗೆ ಇದು ಅಷ್ಟಾಗಿ ಉಪಯೋಗಕ್ಕೆ ಬರಲ್ಲ.

ಮೊದಲನೇ ಕೆಲಸ: ಯಾವಾಗ ಹೋಗೋದು

ಎಲ್ಲರಿಗೂ ಚೆರ್ರಿ ಹೂವೇ ಬೇಕು. ಕ್ಯೋಟೋದಲ್ಲಿ ಅದು ಸಾಧಾರಣವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರ, ಒಂದು ಮಳೆ ಗಾಳಿ ಬಂದ್ರೆ ಎರಡು ದಿನದಲ್ಲಿ ಉದುರಿ ಹೋಗುತ್ತೆ, ಹೋಟೆಲ್ ರೇಟ್ ಮಾತ್ರ ಉದುರಲ್ಲ. ಕೆಂಪೆಲೆ ಸೀಸನ್, ಅಂದ್ರೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರ, ನನ್ ಪ್ರಕಾರ ಅದಕ್ಕಿಂತ ವಾಸಿ, ಹೂವಿಗಿಂತ ಹೆಚ್ಚು ದಿನ ನಿಲ್ಲುತ್ತೆ, ಆಕಾಶವೂ ತಿಳಿಯಾಗಿರುತ್ತೆ. ಜನ ಬೇಡ ಅನ್ನೋರು ಜನವರಿ ಕೊನೆ, ಫೆಬ್ರವರಿ ನೋಡಿ, ಚಳಿ ಇರುತ್ತೆ ಆದ್ರೆ ದೇವಸ್ಥಾನಗಳು ಖಾಲಿ ಖಾಲಿ. ಏಪ್ರಿಲ್ 29ರಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್, ಇಡೀ ದೇಶವೇ ರಜಾ ಹಾಕಿ ಓಡಾಡುತ್ತೆ, ಆವಾಗ ಬೇಡ. ಜೂನ್ ಇಂದ ಜುಲೈ ಮಧ್ಯದವರೆಗೆ ಮಳೆ. ಆಗಸ್ಟ್ ಬಗ್ಗೆ ಹೇಳೋದೇ ಬೇಡ, ಕ್ಯೋಟೋ ಸುತ್ತ ಬೆಟ್ಟ ಇರೋದ್ರಿಂದ ಸೆಕೆ ಒಳಗೇ ಕೂತಿರುತ್ತೆ, ಬೆಂಗಳೂರಿನ ಹವೆಗೆ ಒಗ್ಗಿದವರು ಮಧ್ಯಾಹ್ನದ ಹೊತ್ತಿಗೆ ಸೋತು ಹೋಗ್ತಾರೆ.

ಎರಡನೇದು: ಟಿಕೆಟ್, ವೀಸಾ, ಔಷಧಿ ಡಬ್ಬಿ

ಬೆಂಗಳೂರಿಂದ ಟೋಕಿಯೋದ ನರೀತಾಗೆ ಜಪಾನ್ ಏರ್‌ಲೈನ್ಸ್ ನೇರ ವಿಮಾನ ಇದೆ. ಆದ್ರೆ ಈ ರೂಟಿಗೆ ಇನ್ನೂ ಒಳ್ಳೇದು ಏನಂದ್ರೆ ಸಿಂಗಾಪುರವೋ ಬ್ಯಾಂಕಾಕೋ ಎಲ್ಲಾದ್ರೂ ಬದಲಾಯಿಸಿ ಒಸಾಕಾ ಹತ್ರದ ಕಾನ್ಸಾಯ್ ಏರ್‌ಪೋರ್ಟಲ್ಲಿ ಇಳಿದು, ವಾಪಸ್ ಬರೋವಾಗ ಟೋಕಿಯೋದಿಂದ ಹತ್ತೋದು. ಹೋಗ್ತಾ ಒಂದು ಊರು, ಬರ್ತಾ ಇನ್ನೊಂದು ಊರು ಅಂತ ಬುಕ್ ಮಾಡಿದ್ರೆ ಬುಲೆಟ್ ಟ್ರೇನಲ್ಲಿ ಹೋಗಿ ಬರೋ ಎರಡು ಟಿಕೆಟ್‌ನಲ್ಲಿ ಒಂದು ಉಳಿಯುತ್ತೆ, ಟೋಕಿಯೋ ಕ್ಯೋಟೋ ಒಂದು ಕಡೆಗೇ ತಲೆಗೆ 14 ಸಾವಿರ ಯೆನ್ ಹತ್ರ ಹತ್ರ ಆಗುತ್ತೆ. ಒಂದು ಯೆನ್ ಅಂದ್ರೆ ಅರ್ಧ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಅಂತ ಲೆಕ್ಕ ಇಟ್ಕೊಳ್ಳಿ. ಕಾನ್ಸಾಯ್‌ನಿಂದ ಕ್ಯೋಟೋಗೆ ಹರುಕಾ ಅನ್ನೋ ಟ್ರೇನ್ ಇದೆ, ಒಂದೂಕಾಲು ಗಂಟೆ, ಎಲ್ಲೂ ಇಳಿದು ಬದಲಾಯಿಸೋ ಗೋಜಿಲ್ಲ.

ವೀಸಾ ಅರ್ಜಿ ವಿಎಫ್‌ಎಸ್ ಅನ್ನೋ ವೀಸಾ ಕಂಪನಿ ಮೂಲಕ ಹೋಗುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟು, ಐಟಿ ರಿಟರ್ನು, ದಿನಾ ಎಲ್ಲಿರ್ತೀರ ಅಂತ ಬರೆದಿರೋ ಪಟ್ಟಿ, ಇವು ಒಂದಕ್ಕೊಂದು ತಾಳೆ ಆಗ್ಬೇಕು. ಪಟ್ಟಿಯಲ್ಲಿ 5ನೇ ತಾರೀಖು ನಾರಾ ಅಂತ ಬರೆದು ಹೋಟೆಲ್ ಬುಕಿಂಗ್ ಟೋಕಿಯೋದ್ದು ಕೊಟ್ರೆ ಸುಮ್ನೆ ಪ್ರಶ್ನೆ ಬರುತ್ತೆ.

ಔಷಧಿ ವಿಷಯದಲ್ಲಿ ಹುಷಾರು. ನಮ್ಮಲ್ಲಿ ಮೆಡಿಕಲ್ ಸ್ಟೋರಲ್ಲಿ ಸಲೀಸಾಗಿ ಸಿಗೋ ಕೆಲವು ನೆಗಡಿ ಕೆಮ್ಮಿನ ಔಷಧಿಗಳಿಗೆ, ಅಂದ್ರೆ ಕೊಡೀನ್ ಅಥವಾ ಸ್ಯೂಡೋಎಫೆಡ್ರಿನ್ ಇರೋದಕ್ಕೆ, ಅಲ್ಲಿ ನಿರ್ಬಂಧ ಇದೆ. ಡಬ್ಬಿ ಹಿಂದೆ ಓದಿ ನೋಡಿ, ಅನುಮಾನ ಇದ್ರೆ ಮನೇಲೇ ಬಿಟ್ಟು ಹೋಗಿ. ಹಸಿ ಹಣ್ಣು, ತರಕಾರಿ, ಮಾಂಸದ ಐಟಂ ಯಾವುದನ್ನೂ ಕಟ್ಕೊಂಡು ಹೋಗ್ಬೇಡಿ, ಏರ್‌ಪೋರ್ಟಲ್ಲಿ ಕ್ವಾರಂಟೈನ್‌ನವರು ಕಿತ್ಕೋತಾರೆ. ಹೊರಡೋ ಮುಂಚೆ ವಿಸಿಟ್ ಜಪಾನ್ ವೆಬ್ ಅನ್ನೋ ಸರ್ಕಾರಿ ಸೈಟಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ಮಾಡಿಟ್ಕೊಂಡ್ರೆ ಇಳಿದ ಮೇಲೆ ಫಾರಂ ಬರೆಯೋ ಕೆಲಸ ಇರಲ್ಲ.

ಮೂರನೇದು: ಠಿಕಾಣಿ ಎಲ್ಲಿ ಹೂಡೋದು

ಒಸಾಕಾದಲ್ಲಿ ಹೋಟೆಲ್ ಅಗ್ಗ, ಕ್ಯೋಟೋಗೆ ಅರ್ಧ ಗಂಟೆ ಟ್ರೇನ್, ಆದ್ರಿಂದ ಒಸಾಕಾದಲ್ಲೇ ಇರಿ ಅಂತ ತುಂಬಾ ಜನ ಹೇಳ್ತಾರೆ. ನಾನು ಒಪ್ಪಲ್ಲ. ಬೆಳಗ್ಗೆ 6ಕ್ಕೆ ಕ್ಯೋಟೋದ ಬೆಟ್ಟದ ಮೇಲಿನ ದೇವಸ್ಥಾನದ ಮುಂದೆ ಇರ್ಬೇಕು ಅಂದ್ರೆ ಒಸಾಕಾದಿಂದ ಆಗೋ ಮಾತಲ್ಲ. ಕ್ಯೋಟೋ ಸ್ಟೇಷನ್ ಸುತ್ತಮುತ್ತ, ಅದ್ರಲ್ಲೂ ದಕ್ಷಿಣದ ಹಾಚಿಜೋ ಕಡೆ, ರೂಮ್ ಚಿಕ್ಕದಾದ್ರೂ ಪರ್ವಾಗಿಲ್ಲ, ಅಲ್ಲೇ ಒಂದು ಐದಾರು ರಾತ್ರಿ ಹಿಡೀರಿ. ನಾರಾ, ಹಿಮೇಜಿ ಎರಡೂ ಅಲ್ಲಿಂದಲೇ ಹೋಗಿ ಸಂಜೆ ಬರ್ಬೋದು, ದಿನಾ ಪೆಟ್ಟಿಗೆ ಕಟ್ಟೋದು ಬಿಚ್ಚೋದು ತಪ್ಪುತ್ತೆ. ಹೋಟೆಲ್ ಬಿಲ್ ಮೇಲೆ ಕ್ಯೋಟೋ ನಗರದ ವಸತಿ ತೆರಿಗೆ ಬೇರೆ ಬೀಳುತ್ತೆ, ಚೆಕ್‌ಇನ್ ಟೈಮಲ್ಲಿ ಕೇಳಿದ್ರೆ ಗಾಬರಿ ಬೀಳ್ಬೇಡಿ.

ಒಂದು ಊರಿಂದ ಇನ್ನೊಂದು ಊರಿಗೆ ಹೋಗೋವಾಗ ದೊಡ್ಡ ಸೂಟ್‌ಕೇಸನ್ನ ತಕ್ಕ್ಯುಬಿನ್ ಅನ್ನೋ ಪಾರ್ಸೆಲ್ ವ್ಯವಸ್ಥೆಯಲ್ಲಿ ಹೋಟೆಲಿಂದ ಹೋಟೆಲಿಗೆ ಕಳಿಸ್ಬಿಡಿ, ರಿಸೆಪ್ಷನ್‌ನವರೇ ಫಾರಂ ಕೊಡ್ತಾರೆ, ಸಾಮಾನ್ಯವಾಗಿ ಮಾರನೇ ದಿನ ತಲುಪುತ್ತೆ. ಉದ್ದ ಅಗಲ ಎತ್ತರ ಕೂಡಿಸಿದ್ರೆ 160 ಸೆಂಟಿಮೀಟರ್ ದಾಟೋ ಪೆಟ್ಟಿಗೆಯನ್ನ ಈ ರೂಟಿನ ಶಿಂಕಾನ್ಸೆನ್‌ನಲ್ಲಿ, ಅಂದ್ರೆ ಬುಲೆಟ್ ಟ್ರೇನಲ್ಲಿ, ಸುಮ್ನೆ ಹತ್ತಿಸೋ ಹಾಗಿಲ್ಲ, ಅದಕ್ಕೇ ಅಂತ ಇರೋ ಹಿಂದಿನ ಸೀಟು ಮೊದಲೇ ರಿಸರ್ವ್ ಮಾಡಿರ್ಬೇಕು.

ನಾಲ್ಕನೇದು: ಪಾಸ್ ಲೆಕ್ಕ

ಹಳೇ ವಿಡಿಯೋಗಳಲ್ಲಿ ಎಲ್ಲರೂ ಜೆಆರ್ (ಜಪಾನ್ ರೈಲ್ವೇಸ್) ಪಾಸ್ ತಗೊಳ್ಳಿ ಅಂತಾರಲ್ಲ, ಅದು 2023ರ ಅಕ್ಟೋಬರಿಗಿಂತ ಮುಂಚಿನ ಮಾತು. ಆವಾಗ 30 ಸಾವಿರದೊಳಗೆ ಸಿಗ್ತಿದ್ದ 7 ದಿನದ ಪಾಸ್ 50 ಸಾವಿರ ಯೆನ್‌ಗೆ ಏರಿತು. ಈ ರೂಟಿಗೆ ಅದು ಗಿಟ್ಟಲ್ಲ. ಬದಲಿಗೆ ಕಾನ್ಸಾಯ್ ಹಿರೋಶಿಮಾ ಏರಿಯಾ ಪಾಸ್ ಅಂತ 5 ದಿನದ್ದು ಇದೆ, 17 ಸಾವಿರ ಯೆನ್ ಆಸುಪಾಸು, ಶಿನ್ ಒಸಾಕಾದಿಂದ ಹಿರೋಶಿಮಾವರೆಗಿನ ಬುಲೆಟ್ ಟ್ರೇನು, ನಾರಾಗೆ ಹೋಗೋ ಜೆಆರ್ ಲೋಕಲ್ಲು, ಮಿಯಾಜಿಮಾದ ಜೆಆರ್ ದೋಣಿ ಎಲ್ಲ ಅದ್ರಲ್ಲೇ ಬರುತ್ತೆ. ಒಂದೇ ತೊಡಕು, ಕ್ಯೋಟೋದಿಂದ ಶಿನ್ ಒಸಾಕಾವರೆಗೆ ಬುಲೆಟ್ ಟ್ರೇನ್ ಅದ್ರಲ್ಲಿ ಇಲ್ಲ, ಅಷ್ಟು ದೂರ ಸ್ಪೆಷಲ್ ರಾಪಿಡ್ ಅನ್ನೋ ಮಾಮೂಲಿ ಟ್ರೇನ್ ಹತ್ತಿ ಶಿನ್ ಒಸಾಕಾದಲ್ಲಿ ಬದಲಾಯಿಸ್ಬೇಕು.

ಊರೊಳಗೆ ಓಡಾಡೋಕೆ ಮೊದಲೇ ದುಡ್ಡು ತುಂಬಿಸಿಟ್ಟು ಬಳಸೋ ಇಕೋಕಾ ಅಥವಾ ಸುಯಿಕಾ ಕಾರ್ಡ್ ಒಂದಿದ್ರೆ ಸಾಕು, ಯಾವುದಾದ್ರೂ ಒಂದು. ಕ್ಯೋಟೋ ಸಿಟಿ ಬಸ್ಸಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳೀಬೇಕು, ದುಡ್ಡು ಇಳಿಯೋವಾಗ. ಆದ್ರೆ ಕ್ಯೋಟೋದಲ್ಲಿ ಬಸ್ಸನ್ನ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ, ಸೀಸನ್‌ನಲ್ಲಿ ಎರಡು ಮೂರು ಬಸ್ ತುಂಬಿ ಮುಂದೆ ಹೋಗ್ಬಿಡ್ತವೆ, ಟ್ರೇನು ಮತ್ತೆ ಕಾಲ್ನಡಿಗೆ ಅಂತ ಲೆಕ್ಕ ಹಾಕ್ಕೊಳ್ಳಿ. ನಾಲ್ಕು ಜನ ಇದ್ರೆ ಟ್ಯಾಕ್ಸಿನೇ ಎಷ್ಟೋ ಸಲ ವಾಸಿ. ಕ್ಯಾಶ್ ಸ್ವಲ್ಪ ಕೈಯಲ್ಲಿರ್ಲಿ, ದೇವಸ್ಥಾನದ ಟಿಕೆಟ್ ಕೌಂಟರ್ ಎಷ್ಟೋ ಕಡೆ ಕಾರ್ಡ್ ತಗೊಳ್ಳಲ್ಲ. ಸೆವೆನ್ ಇಲೆವೆನ್ ಅಂಗಡಿಯ ಎಟಿಎಮ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಿರೋ ನಮ್ಮ ಕಾರ್ಡ್ ನಡೆಯುತ್ತೆ.

ಐದನೇದು: ಕ್ಯೋಟೋ, ಗಂಟೆ ಪ್ರಕಾರ

ಮೊದಲ ಎರಡು ದಿನ ಬೆಳಗ್ಗೆ ಏಳೋದು ಕಷ್ಟ, ಇದನ್ನ ಯಾರೂ ಹೇಳಲ್ಲ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿ ಬೆಳಗ್ಗೆ 6 ಅಂದ್ರೆ ನಮ್ಮ ದೇಹಕ್ಕೆ ರಾತ್ರಿ ಎರಡೂವರೆ. ಹಾಗಾಗಿ ಬಂದಿಳಿದ ಮೊದಲ ದಿನ ಸಂಜೆ ಫುಶಿಮಿ ಇನಾರಿ ದೇಗುಲಕ್ಕೆ ಇಟ್ಕೊಳ್ಳಿ. ಅದಕ್ಕೆ ಬಾಗಿಲು ಹಾಕೋ ಹೊತ್ತಿಲ್ಲ, ಟಿಕೆಟ್ಟೂ ಇಲ್ಲ. ಕ್ಯೋಟೋ ಸ್ಟೇಷನ್ನಿಂದ ಜೆಆರ್ ನಾರಾ ಲೈನಲ್ಲಿ ಎರಡನೇ ಸ್ಟಾಪ್ ಇನಾರಿ, ಐದು ನಿಮಿಷ, ಆದ್ರೆ ಲೋಕಲ್ ಟ್ರೇನೇ ಹತ್ತಿ, ರಾಪಿಡ್ ಅಲ್ಲಿ ನಿಲ್ಲಲ್ಲ, ಸೀದಾ ಮುಂದಕ್ಕೆ ಹೋಗ್ಬಿಡುತ್ತೆ.

711ರಲ್ಲಿ ಶುರುವಾಯ್ತು ಅಂತ ಹೇಳೋ ಈ ಕ್ಷೇತ್ರ ಭತ್ತದ ದೇವತೆ ಇನಾರಿಯದು, ಈಗ ವ್ಯಾಪಾರಸ್ಥರ ದೇವತೆ ಕೂಡ. ಫೋಟೋದಲ್ಲಿ ನೋಡಿರ್ತೀರಲ್ಲ, ಕೇಸರಿ ಬಣ್ಣದ ಸಾವಿರಾರು ತೋರಿಗಳು, ಅಂದ್ರೆ ಎರಡು ಕಂಬದ ಹೆಬ್ಬಾಗಿಲುಗಳು, ಸಾಲಾಗಿ ಬೆಟ್ಟದ ಮೇಲೆ ಹತ್ಕೊಂಡು ಹೋಗಿರೋದು. ಹತ್ತೋವಾಗ ನಿಮಗೆ ಕಾಣೋದು ಬರೀ ಬಣ್ಣ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿ, ಕಂಬದ ಹಿಂಬದಿಯಲ್ಲಿ ಕಪ್ಪಕ್ಷರದಲ್ಲಿ ಕಂಪನಿ ಹೆಸರು, ಊರು, ಕೊಟ್ಟ ತಾರೀಖು ಎಲ್ಲ ಇರುತ್ತೆ. ಪ್ರತಿಯೊಂದೂ ಯಾರೋ ಹರಕೆ ಹೊತ್ತು ದುಡ್ಡು ಕೊಟ್ಟು ನಿಲ್ಲಿಸಿದ್ದು, ದೊಡ್ಡದಾದ್ರೆ ಹತ್ತು ಲಕ್ಷ ಯೆನ್ ದಾಟುತ್ತೆ. ಮರದ್ದಾದ್ರಿಂದ ಬುಡ ಮಳೆಗೆ ಕೊಳೆಯುತ್ತೆ, ಅದಕ್ಕೇ ಕೆಳಗಿನ ಭಾಗ ಕಪ್ಪು ಬಣ್ಣ ಬಳಿದಿರ್ತಾರೆ, ತೀರಾ ಹಾಳಾದ್ದನ್ನ ಕಿತ್ತು ಹೊಸದು ನಿಲ್ಲಿಸ್ತಾ ಇರ್ತಾರೆ, ಅಲ್ಲಲ್ಲಿ ಖಾಲಿ ಗುಂಡಿ, ಹೊಸ ಬಣ್ಣದ ಕಂಬ, ಮಾಸಿದ ಕಂಬ ಪಕ್ಕ ಪಕ್ಕ ಇರೋದು ಗಮನಿಸಿ. ನರಿ ವಿಗ್ರಹಗಳ ಬಾಯಲ್ಲಿ ಏನಿದೆ ಅಂತಲೂ ನೋಡಿ, ಒಂದರಲ್ಲಿ ಬೀಗದ ಕೈ, ಒಂದರಲ್ಲಿ ಭತ್ತದ ತೆನೆ. ಬೆಟ್ಟ 233 ಮೀಟರ್ ಅಷ್ಟೇ, ಪೂರ್ತಿ ಸುತ್ತೋಕೆ ಎರಡರಿಂದ ಮೂರು ಗಂಟೆ, ಆದ್ರೆ ಅರ್ಧದಲ್ಲಿ ಯೋತ್ಸುತ್ಸುಜಿ ಅನ್ನೋ ಕೂಡುದಾರಿವರೆಗೆ ಹೋದ್ರೂ ಕ್ಯೋಟೋ ಊರು ಕೆಳಗೆ ಕಾಣುತ್ತೆ, ಅಲ್ಲಿಂದ ವಾಪಸ್ ಬಂದ್ರೆ ನಷ್ಟ ಏನಿಲ್ಲ. ಮೊದಲ ಹತ್ತು ನಿಮಿಷದ ಜಾಗದಲ್ಲೇ ಎಲ್ಲರೂ ಫೋಟೋಗೆ ನಿಂತಿರ್ತಾರೆ, ಮೇಲೆ ಹೋದಷ್ಟೂ ಜನ ಕಮ್ಮಿ.

ನಿದ್ದೆ ಸರಿಹೋದ ಮೇಲೆ ಒಂದು ಬೆಳಗ್ಗೆ 6ಕ್ಕೆ ಕಿಯೋಮಿಜುದೇರಾ. 778ರಲ್ಲಿ ಸ್ಥಾಪನೆ ಆದ ದೇವಸ್ಥಾನ, ಈಗಿರೋ ಮುಖ್ಯ ಕಟ್ಟಡ 1633ರದ್ದು. ಬೆಟ್ಟದ ಇಳಿಜಾರಲ್ಲಿ 13 ಮೀಟರ್ ಎತ್ತರದ ಮರದ ಕಂಬಗಳ ಮೇಲೆ ನಿಂತಿರೋ ಜಗಲಿ, ಕೆಳಗೆ ಇಳಿದು ಹೋಗಿ ಆ ಕಂಬಗಳ ಬುಡದಲ್ಲಿ ನಿಂತು ಮೇಲೆ ನೋಡಿದ್ರೇನೇ ಕೆಲಸ ಎಂಥದ್ದು ಅಂತ ಗೊತ್ತಾಗೋದು, ಹೆಚ್ಚಿನವರು ಮೇಲಿಂದ ಸೆಲ್ಫಿ ತಗೊಂಡು ಹೊರಟು ಹೋಗ್ತಾರೆ. ಏಳು ಗಂಟೆ ಹೊತ್ತಿಗೆ ಸನ್ನೆನ್‌ಜಾಕಾ, ನಿನೆನ್‌ಜಾಕಾ ಮೆಟ್ಟಿಲು ಬೀದಿಗಳಲ್ಲಿ ಇಳಿದು ಬನ್ನಿ, ಅಂಗಡಿ ಯಾವುದೂ ತೆರೆದಿರಲ್ಲ, ಅದೇ ಬೇಕಾಗಿರೋದು. ಹಿಂದೆ ಯಾಸಾಕಾ ಪಗೋಡಾ ಕಾಣೋ ಓಣಿಯ ಫೋಟೋ ಆವಾಗ ತೆಗೆದ್ರೆ ಸಿಗುತ್ತೆ, ಹತ್ತು ಗಂಟೆಗೆ ಅದೇ ಜಾಗದಲ್ಲಿ ಬರೀ ತಲೆಗಳು.

ಅಲ್ಲಿಂದ ನಡ್ಕೊಂಡೇ ಸಂಜೂಸಾಂಗೆಂದೋಗೆ ಹೋಗಿ, ಅರ್ಧ ಗಂಟೆ ದಾರಿ. ಫೋಟೋ ತೆಗೆಯೋಕೆ ಬಿಡಲ್ಲ, ಅದಕ್ಕೇ ಇನ್‌ಸ್ಟಾದಲ್ಲಿ ಕಾಣಲ್ಲ, ಅದಕ್ಕೇ ತುಂಬಾ ಜನ ಬಿಟ್ಟು ಬಿಡ್ತಾರೆ. ಕ್ಯೋಟೋದಲ್ಲಿ ಒಂದೇ ಜಾಗ ಒಳಗೆ ಹೋಗಿ ನೋಡಿ ಅಂದ್ರೆ ನಾನು ಇದನ್ನೇ ಹೇಳೋದು. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಹಜಾರ, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಮನುಷ್ಯರಷ್ಟೆತ್ತರದ ಕನ್ನೊನ್ ಅನ್ನೋ ಕರುಣೆಯ ಬೋಧಿಸತ್ವನ 1000 ವಿಗ್ರಹಗಳು ನಿಂತಿವೆ, ನಡುವೆ ಕೂತಿರೋ ದೊಡ್ಡದು ಸೇರಿ 1001. 1249ರ ಬೆಂಕಿಯಲ್ಲಿ ಹಳೇದರಲ್ಲಿ 124 ಉಳಿಸ್ಕೊಂಡ್ರಂತೆ, ಮಿಕ್ಕಿದ್ದೆಲ್ಲ ಆಮೇಲೆ ಕೆತ್ತಿದ್ದು, ಹಜಾರ 1266ರದ್ದು. ಅವುಗಳ ಮುಂದೆ 28 ಕಾವಲು ದೇವತೆಗಳ ಸಾಲಿದೆ, ಅಲ್ಲಿ ನಿಧಾನ ಮಾಡಿ. ಕೊಳಲೂದೋ ಗರುಡ ಇದ್ದಾನೆ, ಕೊಕ್ಕು, ರೆಕ್ಕೆ ಸಮೇತ. ಹೆಚ್ಚಿನವು ಭಾರತದಿಂದ ಚೀನಾ ದಾರಿಯಲ್ಲಿ ಬಂದ ದೇವತೆಗಳು, ಬೋರ್ಡಲ್ಲಿ ಸಂಸ್ಕೃತ ಮೂಲದ ಹೆಸರೂ ಕೊಟ್ಟಿದ್ದಾರೆ.

ಇದು ಹಿಡಿಸಿದ್ರೆ ಮಧ್ಯಾಹ್ನ ತೋಜಿ ದೇವಸ್ಥಾನಕ್ಕೆ ಹೋಗ್ಲೇಬೇಕು, ಕ್ಯೋಟೋ ಸ್ಟೇಷನ್ನಿಂದ ಕಾಲು ಗಂಟೆ ನಡಿಗೆ. ಅದರ ಐದಂತಸ್ತಿನ ಪಗೋಡಾ ಸುಮಾರು 55 ಮೀಟರ್, ಜಪಾನಿನ ಮರದ ಗೋಪುರಗಳಲ್ಲೇ ಎತ್ತರದ್ದು, ಈಗ ನಿಂತಿರೋದು 1644ರದ್ದು. ಆದ್ರೆ ನೋಡ್ಬೇಕಾದ್ದು ಪಕ್ಕದ ಉಪನ್ಯಾಸ ಮಂಟಪದೊಳಗಿನ 21 ವಿಗ್ರಹಗಳು. 9ನೇ ಶತಮಾನದಲ್ಲಿ ಕೂಕಾಯ್ ಅನ್ನೋ ಗುರುಗಳ ಯೋಜನೆ ಪ್ರಕಾರ ಮಂಡಲದ ಹಾಗೆ ಜೋಡಿಸಿದ್ದು. ಒಂದು ತುದಿಯಲ್ಲಿ ನಾಲ್ಕು ಮುಖದ ಬ್ರಹ್ಮ, ಹಂಸಗಳ ಮೇಲೆ ಕೂತಿದ್ದಾನೆ. ಇನ್ನೊಂದು ತುದಿಯಲ್ಲಿ ಆನೆ ಮೇಲೆ ಇಂದ್ರ. ನಮ್ಮ ಕಡೆಯವರಿಗೆ ಬೋರ್ಡ್ ಓದೋ ಅವಶ್ಯಕತೆಯೇ ಇಲ್ಲ, ವಾಹನ ನೋಡಿದ್ರೆ ಗೊತ್ತಾಗಿ ಹೋಗುತ್ತೆ. ತಿಂಗಳ 21ನೇ ತಾರೀಖು ಅಲ್ಲಿ ದೊಡ್ಡ ಸಂತೆ ಸೇರುತ್ತೆ, ಹಳೇ ಕಿಮೋನೋ, ಪಾತ್ರೆ, ಗಿಡ, ಏನುಂಟು ಏನಿಲ್ಲ.

ಇನ್ನೊಂದು ದಿನ ಕಿನ್‌ಕಾಕುಜಿ, ಅದೇ ಚಿನ್ನದ ಮಂಟಪ. 9ಕ್ಕೆ ತೆಗೆಯುತ್ತೆ, ಎಂಟೂಮುಕ್ಕಾಲಿಗೆ ಬಾಗಿಲ ಮುಂದೆ ಇರಿ. 1397ರಲ್ಲಿ ಶೋಗನ್, ಅಂದ್ರೆ ದೇಶ ಆಳ್ತಿದ್ದ ಸೇನಾಧಿಪತಿ, ಯೋಶಿಮಿತ್ಸು ಕಟ್ಟಿಸಿದ್ದು, 1950ರಲ್ಲಿ ಅಲ್ಲಿಯ ಒಬ್ಬ ಯುವ ಸನ್ಯಾಸಿಯೇ ಬೆಂಕಿ ಇಟ್ಟ, ಈಗ ಕಾಣೋದು 1955ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಬಿಡಲ್ಲ, ಕೊಳದ ಆಚೆಯಿಂದ ನೋಡಿ ಮುಂದೆ ಹೋಗೋದು, ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ಇಪ್ಪತ್ತು ನಿಮಿಷ ನಡೆದ್ರೆ ರ‍್ಯೋವಾಂಜಿ, 15 ಕಲ್ಲು ಮತ್ತೆ ಬಾಚಿದ ಬಿಳಿ ಜಲ್ಲಿ ಇರೋ ಅಂಗಳ, ಎಲ್ಲಿ ಕೂತು ಎಣಿಸಿದ್ರೂ ಒಂದು ಕಲ್ಲು ಮರೆಯಾಗಿರುತ್ತೆ. ಮಕ್ಕಳಿದ್ರೆ ಎಣಿಸೋಕೆ ಹಚ್ಚಿ, ಒಳ್ಳೇ ಟೈಮ್‌ಪಾಸು. ಮಧ್ಯಾಹ್ನಕ್ಕೆ ನಿಜೋ ಕೋಟೆ, 1603ರದ್ದು, ಕಾಲಿಟ್ರೆ ಹಕ್ಕಿ ಕೂಗಿದ ಹಾಗೆ ಕಿರ‍್ರೆನ್ನೋ ನೆಲ ಅಲ್ಲಿಯದು. ಇನ್ನೂರೈವತ್ತು ವರ್ಷಕ್ಕೂ ಮಿಕ್ಕಿ ಆಳಿದ ತೊಕುಗಾವಾ ಮನೆತನದ ಕೊನೆಯ ಶೋಗನ್ 1867ರಲ್ಲಿ ಅಧಿಕಾರವನ್ನ ಚಕ್ರವರ್ತಿಗೆ ಬಿಟ್ಟು ಕೊಡ್ತೀನಿ ಅಂತ ಹೇಳಿದ್ದೂ ಆ ಅರಮನೆಯಲ್ಲೇ.

ಅರಾಶಿಯಾಮಾದ ಬಿದಿರಿನ ದಾರಿ ಬಗ್ಗೆ ಒಂದೇ ಮಾತು. ಬೆಳಗ್ಗೆ ಏಳರೊಳಗೆ ಹೋಗೋಕಾದ್ರೆ ಹೋಗಿ, ಇಲ್ಲಾಂದ್ರೆ ಬಿಟ್ಬಿಡಿ. ಅದು ಚಿಕ್ಕ ದಾರಿ, ಕೊಡಗು ಮಲೆನಾಡಲ್ಲಿ ಬಿದಿರು ನೋಡಿದವರಿಗೆ ಜನದ ನಡುವೆ ತಳ್ಳಾಡ್ಕೊಂಡು ನೋಡೋ ಅಂಥದ್ದೇನಿಲ್ಲ. ಪಕ್ಕದ ತೆನ್‌ರ್ಯೂಜಿ ದೇವಸ್ಥಾನದ ತೋಟ ಮಾತ್ರ ಚೆನ್ನಾಗಿದೆ.

ಕ್ಯೋಟೋದ ಗಿಯೋನ್ ಬೀದಿಗಳಲ್ಲಿ ಗೇಶಾ, ಅಂದ್ರೆ ಸಾಂಪ್ರದಾಯಿಕ ಹಾಡು ಕುಣಿತದ ಕಲಾವಿದೆಯರು, ಕಾಣ್ತಾರೇನೋ ಅಂತ ಕ್ಯಾಮೆರಾ ಹಿಡ್ಕೊಂಡು ಅಟ್ಟಿಸ್ಕೊಂಡು ಹೋಗೋರಿಂದ ಅಲ್ಲಿಯವರು ಬೇಸತ್ತು 2024ರಲ್ಲಿ ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರೋ ಹಾಗಿಲ್ಲ ಅಂತ ಬೋರ್ಡ್ ಹಾಕಿದ್ದಾರೆ, 10 ಸಾವಿರ ಯೆನ್ ದಂಡ. ಹನಾಮಿಕೋಜಿ ಮುಖ್ಯ ಬೀದಿಯಲ್ಲಿ ಓಡಾಡ್ಬೋದು, ಪಕ್ಕದ ಓಣಿಗೆ ನುಗ್ಬೇಡಿ.

ಆರನೇದು: ನಾರಾ

ಕ್ಯೋಟೋದಿಂದ ಜೆಆರ್ ರಾಪಿಡ್‌ನಲ್ಲಿ ಮುಕ್ಕಾಲು ಗಂಟೆ. ಪಾಸ್ ಇಲ್ಲದಿದ್ರೆ ಕಿಂತೆತ್ಸು ಅನ್ನೋ ಖಾಸಗಿ ಕಂಪನಿ ಟ್ರೇನ್ ವಾಸಿ, ಅದರ ಸ್ಟೇಷನ್ನು ಜಿಂಕೆ ಪಾರ್ಕಿಗೆ ಹತ್ತಿರ. 710ರಿಂದ 784ರವರೆಗೆ ಇದೇ ರಾಜಧಾನಿ. ಇಲ್ಲಿಯ ತೋದಾಯ್‌ಜಿ ದೇವಸ್ಥಾನ ಬೇಸಿಗೆಯಲ್ಲಿ ಏಳೂವರೆಗೆ, ಚಳಿಗಾಲದಲ್ಲಿ 8ಕ್ಕೆ ತೆಗೆಯುತ್ತೆ, ಟೂರಿಸ್ಟ್ ಬಸ್ಸುಗಳು ಬರೋದು 10ರ ಮೇಲೆ, ಲೆಕ್ಕ ನಿಮಗೇ ಗೊತ್ತಾಗುತ್ತೆ.

ಒಳಗಿರೋ ಕಂಚಿನ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಇದರ ಕಣ್ಣು ಬಿಡಿಸೋ ಶಾಸ್ತ್ರ ಮಾಡಿದ್ದು ಬೋಧಿಸೇನ ಅನ್ನೋ ಭಾರತದ ಭಿಕ್ಷು, 736ರಲ್ಲಿ ಜಪಾನಿಗೆ ಬಂದವರು. ಅವರು ಹಿಡಿದ ಕುಂಚಕ್ಕೆ ಉದ್ದ ದಾರಗಳನ್ನ ಕಟ್ಟಿ, ಅದರ ತುದಿಗಳನ್ನ ರಾಜಮನೆತನದವರು, ಸೇರಿದವರು ಹಿಡ್ಕೊಂಡಿದ್ರಂತೆ, ಎಲ್ಲರೂ ಸೇರಿ ಕಣ್ಣು ಬರೆದ ಹಾಗೆ. ಕಟ್ಟಡ ಎರಡು ಸಲ ಯುದ್ಧದಲ್ಲಿ ಸುಟ್ಟು ಹೋಗಿ ಈಗಿರೋದು 1709ರದ್ದು, ಹಳೇದಕ್ಕಿಂತ ಅಗಲ ಮೂರರಲ್ಲಿ ಒಂದು ಪಾಲು ಕಮ್ಮಿ, ಆದ್ರೂ ಒಳಗೆ ನಿಂತ್ರೆ ಅದು ನಂಬಿಕೆ ಆಗಲ್ಲ.

ಅಲ್ಲಿಂದ ಎಲ್ಲರೂ ಬಂದ ದಾರಿಯಲ್ಲೇ ವಾಪಸ್ ಹೋಗ್ತಾರೆ. ನೀವು ಹಿಂದಿನ ಮೆಟ್ಟಿಲು ಹತ್ತಿ ನಿಗತ್ಸುದೋ ಮಂಟಪಕ್ಕೆ ಹೋಗಿ. ಟಿಕೆಟ್ ಇಲ್ಲ, ಜಗಲಿಯಲ್ಲಿ ನಿಂತ್ರೆ ನಾರಾ ಊರು, ತೋದಾಯ್‌ಜಿ ಛಾವಣಿ ಎಲ್ಲ ಕೆಳಗೆ ಕಾಣುತ್ತೆ. ಮಾರ್ಚ್ 1ರಿಂದ 14ರವರೆಗೆ ರಾತ್ರಿ ಅದೇ ಜಗಲಿಯಲ್ಲಿ ದೊಡ್ಡ ದೊಡ್ಡ ಪಂಜು ಹಿಡ್ಕೊಂಡು ಓಡ್ತಾರೆ, 752ರಿಂದ ಒಂದು ವರ್ಷವೂ ಬಿಡದೆ ನಡ್ಕೊಂಡು ಬಂದಿರೋ ಆಚರಣೆ ಅದು.

ಜಿಂಕೆಗಳು ಸಾವಿರಕ್ಕೂ ಹೆಚ್ಚಿವೆ. ಅವಕ್ಕೆ ಅಂತಲೇ ಮಾರೋ ಬಿಸ್ಕತ್ತು ಬಿಟ್ರೆ ಬೇರೆ ಏನೂ ಹಾಕ್ಬೇಡಿ. ತಲೆ ಬಾಗಿಸಿ ಕೇಳ್ತವೆ ಅಂತ ಮುದ್ದು ಮಾಡ್ತಾ ತಡ ಮಾಡಿದ್ರೆ ಅಂಗಿ ಹಿಡಿದು ಎಳೀತವೆ, ಜೇಬಲ್ಲಿರೋ ಮ್ಯಾಪು, ಟಿಕೆಟ್ಟು ಯಾವ ಕಾಗದ ಸಿಕ್ಕಿದ್ರೂ ತಿಂತವೆ. ಖಾಲಿ ಆದ್ಮೇಲೆ ಎರಡೂ ಕೈ ಬಿಚ್ಚಿ ತೋರಿಸಿ, ಅವೇ ಬಿಟ್ಟು ಹೋಗ್ತವೆ.

ಸಮಯ ಇದ್ರೆ ಜೆಆರ್ ನಾರಾದಿಂದ ಹತ್ತು ಹನ್ನೆರಡು ನಿಮಿಷ ಟ್ರೇನಲ್ಲಿ ಹೋರ್ಯೂಜಿ ದೇವಸ್ಥಾನ. ಜಗತ್ತಲ್ಲಿ ಈಗ ಉಳಿದಿರೋ ಮರದ ಕಟ್ಟಡಗಳಲ್ಲಿ ಅತಿ ಹಳೆಯವು ಅಲ್ಲಿವೆ. ಟಿಕೆಟ್ ದುಬಾರಿ, ಜನ ಕಮ್ಮಿ.

ಏಳನೇದು: ಹಿಮೇಜಿ ಕೋಟೆ

ಜಪಾನಿನ ಬಹಳಷ್ಟು ಕೋಟೆಗಳು ಒಳಗೆ ಹೋದ್ರೆ ಕಾಂಕ್ರೀಟು, ಲಿಫ್ಟು, ಮ್ಯೂಸಿಯಮ್ಮು. ಒಸಾಕಾ ಕೋಟೆ ಹಾಗೇ. ಮೂಲದ ಮುಖ್ಯ ಗೋಪುರ ಉಳಿದಿರೋದು ದೇಶದಲ್ಲಿ 12 ಕೋಟೆಗಳಲ್ಲಿ ಮಾತ್ರ, ಅದ್ರಲ್ಲಿ ದೊಡ್ಡದು ಹಿಮೇಜಿ. ಈಗಿನ ರೂಪ 1609ರದ್ದು, ಇಕೆದಾ ತೆರುಮಾಸಾ ಕಟ್ಟಿಸಿದ್ದು. 1945ರಲ್ಲಿ ಬಾಂಬ್ ದಾಳಿಗೆ ಸುತ್ತಲಿನ ಊರು ಸುಟ್ಟು ಹೋದ್ರೂ ಇದು ಉಳೀತು. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು, 2015ಕ್ಕೆ ದೊಡ್ಡ ರಿಪೇರಿ ಮುಗೀತು.

ಸ್ಟೇಷನ್ನಿಂದ ಹೊರಗೆ ಬಂದ್ರೆ ನೇರ ರಸ್ತೆ ಕೊನೆಯಲ್ಲಿ ಬೆಳ್ಳಗೆ ಕಾಣುತ್ತೆ, ಇಪ್ಪತ್ತು ನಿಮಿಷ ನಡಿಗೆ. 9ಕ್ಕೆ ಬಾಗಿಲು. ಒಳಗೆ ಹೋಗೋವಾಗ ಚಪ್ಪಲಿ ಬಿಚ್ಚಿ ಕವರಲ್ಲಿ ಹಾಕ್ಕೊಂಡು ಕೈಯಲ್ಲೇ ಹಿಡ್ಕೊಂಡು ಹತ್ಬೇಕು. ಮೇಲಿನ ಅಂತಸ್ತುಗಳ ಮೆಟ್ಟಿಲು ಹಳೇ ತೊಟ್ಟಿಮನೆಯ ಅಟ್ಟದ ಏಣಿ ಥರ ಕಡಿದು, ಶತಮಾನಗಟ್ಟಲೆ ಕಾಲು ಸವೆಸಿ ನುಣ್ಣಗಾಗಿರೋ ಮರ, ಮೇಲೆ ನಮ್ಮ ಸಾಕ್ಸು, ಜಾರುತ್ತೆ. ಮಂಡಿ ನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ರೆ ಅವರನ್ನ ಹೊರಗಿನ ಪ್ರಾಕಾರ ಸುತ್ತಿಸಿ, ಅದೇ ಅರ್ಧ ಕೋಟೆ. ಬಾಗಿಲಿಂದ ಬಾಗಿಲಿಗೆ ಹೋಗ್ತಾ ದಾರಿ ಸುತ್ತಿ ಸುತ್ತಿ ಗೋಪುರದಿಂದ ದೂರ ಹೋದ ಹಾಗೆ ಅನ್ಸುತ್ತೆ, ಶತ್ರುಗಳಿಗೆ ದಾರಿ ತಪ್ಪಿಸೋಕೆ ಅಂತಲೇ ಹಾಗೆ ಮಾಡಿದ್ದು, ಗೋಡೆಯಲ್ಲಿ ತ್ರಿಕೋನ, ಚೌಕ, ಗುಂಡಗಿನ ತೂತು ಇವೆ, ಬಾಣಕ್ಕೆ ಬೇರೆ ಬಂದೂಕಿಗೆ ಬೇರೆ. ಟಿಕೆಟ್ ದರ ಈಚೆಗೆ ಅಲ್ಲಿ ಬದಲಾಗ್ತಾ ಇದೆ, ಹೋಗೋ ಮುಂಚೆ ಕೋಟೆಯದೇ ಸೈಟ್ ನೋಡ್ಕೊಳ್ಳಿ.

ಎಂಟನೇದು: ಹಿರೋಶಿಮಾ, ಮಿಯಾಜಿಮಾ, ಮತ್ತೆ ಉಬ್ಬರ ಇಳಿತ

ಇಲ್ಲಿಗೆ ಬೆಳಗ್ಗೆ ಹೋಗಿ ಸಂಜೆ ಬರ್ತೀನಿ ಅಂತ ಕೆಲವರು ಹೊರಡ್ತಾರೆ. ಮಾಡ್ಬೋದು, ಆದ್ರೆ ಬೇಡ. ಒಂದು ರಾತ್ರಿ ಉಳ್ಕೊಳ್ಳಿ, ಆದ್ರೆ ಮಿಯಾಜಿಮಾ ದ್ವೀಪದಲ್ಲೇ.

ಹಿರೋಶಿಮಾ ಮೊದಲು. ಸ್ಟೇಷನ್ನಿಂದ ಟ್ರಾಮ್ ಹತ್ತಿ ಗೆನ್‌ಬಾಕು ಡೋಮ್, ಅಂದ್ರೆ ಅಣುಬಾಂಬ್ ಗುಮ್ಮಟದ ಹತ್ರ ಇಳೀರಿ. 1915ರಲ್ಲಿ ಯಾನ್ ಲೆಟ್ಜೆಲ್ ಅನ್ನೋ ಚೆಕ್ ವಾಸ್ತುಶಿಲ್ಪಿ ಕಟ್ಟಿದ ಪ್ರದರ್ಶನ ಭವನ ಅದು. 1945ರ ಆಗಸ್ಟ್ 6, ಬೆಳಗ್ಗೆ 8:15ಕ್ಕೆ ಬಾಂಬ್ ಸಿಡಿದಿದ್ದು ಬಹುಮಟ್ಟಿಗೆ ಅದರ ತಲೆ ಮೇಲೇ, ಅದಕ್ಕೇ ಗೋಡೆ ನೇರ ನಿಂತು ಉಳೀತು. ನದಿ ದಾಟಿ ಪಾರ್ಕಲ್ಲಿ ಮಕ್ಕಳ ಸ್ಮಾರಕ, ಕಾಗದದ ಕೊಕ್ಕರೆಗಳ ರಾಶಿ, ಆಮೇಲೆ ಮ್ಯೂಸಿಯಂ. ಟಿಕೆಟ್ 200 ಯೆನ್. ಒಳಗೆ ಮೂರು ವರ್ಷದ ಮಗುವೊಂದರ ಸುಟ್ಟ ಸೈಕಲ್ ಇದೆ, 8:15ಕ್ಕೆ ನಿಂತ ಗಡಿಯಾರ ಇದೆ. ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗ್ಬೇಕಾ ಅನ್ನೋದು ಯೋಚ್ನೆ ಮಾಡಿ. ಅದಾದ್ಮೇಲೆ ಇನ್ನೊಂದು ಮ್ಯೂಸಿಯಂ, ಶಾಪಿಂಗ್ ಅಂತ ಇಟ್ಕೋಬೇಡಿ, ಆಗಲ್ಲ.

ಮಧ್ಯಾಹ್ನ ಟ್ರೇನಲ್ಲಿ ಅರ್ಧ ಗಂಟೆ ಹೋದ್ರೆ ಮಿಯಾಜಿಮಾಗುಚಿ, ಅಲ್ಲಿಂದ ದೋಣಿಯಲ್ಲಿ ಹತ್ತು ನಿಮಿಷ. 100 ಯೆನ್ ಪ್ರವಾಸಿ ತೆರಿಗೆ ಇದೆ. ಇತ್ಸುಕುಶಿಮಾ ದೇಗುಲ ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ್ದು, 1168ರ ಸುಮಾರಿಗೆ ತೈರಾ ನೋ ಕಿಯೋಮೋರಿ ಈ ರೂಪಕ್ಕೆ ತಂದ. ಮುಂದೆ ನೀರಲ್ಲಿರೋ ದೊಡ್ಡ ತೋರಿ 1875ರದ್ದು, 16 ಮೀಟರ್ ಹೆಚ್ಚುಕಡಿಮೆ, ಕರ್ಪೂರದ ಮರದ ಕಂಬಗಳು, ನೆಲದಲ್ಲಿ ಹೂತಿಲ್ಲ, ತನ್ನ ಭಾರಕ್ಕೇ ನಿಂತಿದೆ.

ಹೊರಡೋ ಮುಂಚೆ ಮಿಯಾಜಿಮಾದ ಉಬ್ಬರ ಇಳಿತದ ಪಟ್ಟಿ ಹುಡುಕಿ ನೋಡಿ, ದಿನಾ ಗಂಟೆ ಬದಲಾಗುತ್ತೆ. ನೀರಿನ ಮಟ್ಟ 250 ಸೆಂಟಿಮೀಟರ್ ದಾಟಿದ್ರೆ ದೇಗುಲ ತೇಲ್ತಿರೋ ಹಾಗೆ ಕಾಣುತ್ತೆ, 100ಕ್ಕಿಂತ ಕೆಳಗಿಳಿದ್ರೆ ಕೆಸರು ಮರಳಲ್ಲಿ ನಡ್ಕೊಂಡು ತೋರಿ ಬುಡಕ್ಕೇ ಹೋಗ್ಬೋದು. ಕಂಬಕ್ಕೆ ಅಂಟಿರೋ ಚಿಪ್ಪು, ಪಾಚಿ, ಮನುಷ್ಯರು ತಬ್ಬೋಕಾಗದಷ್ಟು ದಪ್ಪ, ಹತ್ರ ಹೋದಾಗಲೇ ಗೊತ್ತಾಗೋದು. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ ಅಂತರ, ರಾತ್ರಿ ಉಳ್ಕೊಂಡ್ರೆ ಎರಡೂ ಸಿಗುತ್ತೆ, ಅದಕ್ಕೇ ಉಳ್ಕೊಳ್ಳಿ ಅಂದಿದ್ದು. ಸಂಜೆ ಐದರ ಮೇಲೆ ದಿನದ ಜನ ಎಲ್ಲ ದೋಣಿ ಹತ್ತಿ ಹೋಗ್ತಾರೆ, ಬೆಳಗ್ಗೆ ಆರೂವರೆಗೆ ದೇಗುಲ ತೆಗೆಯುತ್ತೆ. ಶಕ್ತಿ ಇದ್ರೆ 535 ಮೀಟರ್ ಎತ್ತರದ ಮಿಸೆನ್ ಬೆಟ್ಟ ಹತ್ತಿ, ರೋಪ್‌ವೇ ಇದೆ, ಆದ್ರೆ ಅದು ತುದಿವರೆಗೆ ಹೋಗಲ್ಲ, ಕೊನೆಗೆ ಅರ್ಧ ಗಂಟೆ ನಡೀಲೇಬೇಕು.

ಊಟದ ವಿಚಾರ

ಸಸ್ಯಾಹಾರಿಗಳಿಗೆ ಕಷ್ಟ ಇದೆ, ಮುಚ್ಚಿಡೋದೇನು. ಮಾಂಸ ಕಾಣದಿದ್ರೂ ಸೂಪು, ಸಾಸು, ಬೇಯಿಸಿದ ತರಕಾರಿ ಎಲ್ಲದ್ರಲ್ಲೂ ದಾಶಿ ಇರುತ್ತೆ, ಅದು ಹೆಚ್ಚಾಗಿ ಒಣಮೀನಿನ ಸಾರ. ಮೀಸೋ ಸೂಪ್ ಕೂಡ ಹಾಗೇ. ಪೂರ್ತಿ ಸಸ್ಯಾಹಾರ ಬೇಕಂದ್ರೆ ಬೌದ್ಧ ಮಠಗಳ ಶೋಜಿನ್ ರ್ಯೋರಿ ಊಟ, ಕ್ಯೋಟೋದಲ್ಲಿ ಅಲ್ಲಲ್ಲಿ ಸಿಗುತ್ತೆ, ದುಬಾರಿ, ಒಂದು ಸಲ ತಿನ್ನಿ. ದಿನನಿತ್ಯಕ್ಕೆ ಕನ್ವೀನಿಯನ್ಸ್ ಅಂಗಡಿಯ ಉಮೆಬೋಶಿ ಒನಿಗಿರಿ, ಅಂದ್ರೆ ಹುಳಿ ಹಣ್ಣಿನ ಉಪ್ಪಿನಕಾಯಿ ಇಟ್ಟ ಅನ್ನದುಂಡೆ, ಬಾಳೆಹಣ್ಣು, ಬಿಸಿ ಬಿಸಿ ಸಿಹಿಗೆಣಸು. ದೊಡ್ಡ ಊರುಗಳಲ್ಲಿ ಇಂಡಿಯನ್ ಹೋಟೆಲ್ ಇವೆ. ಚಟ್ನಿಪುಡಿ, ಬಿಸಿನೀರು ಹಾಕಿದ್ರೆ ಆಗೋ ಉಪ್ಪಿಟ್ಟು ಪ್ಯಾಕೆಟ್ ಸ್ವಲ್ಪ ಇಟ್ಕೊಳ್ಳಿ, ಹೋಟೆಲ್ ರೂಮಲ್ಲಿ ಕೆಟಲ್ ಇರುತ್ತೆ. ಮೀನು ಮಾಂಸ ಯಾವುದೂ ಬೇಡ ಅಂತ ಜಪಾನೀಸಲ್ಲಿ ಬರೆದ ಒಂದು ಸ್ಕ್ರೀನ್‌ಶಾಟ್ ಫೋನಲ್ಲಿರ್ಲಿ, ಅದ್ರಲ್ಲಿ ದಾಶಿ ಬೇಡ ಅಂತಲೂ ಬರೆಸಿ. ರಸ್ತೆಯಲ್ಲಿ ಕಸದ ಬುಟ್ಟಿ ಹುಡುಕಿದ್ರೂ ಸಿಗಲ್ಲ, ತಿಂದ ಕವರ್ ಹಾಕ್ಕೊಳ್ಳೋಕೆ ಒಂದು ಚೀಲ ಬ್ಯಾಗಲ್ಲಿ ಇಟ್ಕೊಂಡಿರಿ.

ಶೂ ಲೇಸ್ ಇಲ್ಲದ್ದೇ ಆಗ್ಲಿ, ದಿನಕ್ಕೆ ಏಳೆಂಟು ಸಲ ಬಿಚ್ಬೇಕಾಗುತ್ತೆ. ತೂತು ಬಿದ್ದ ಸಾಕ್ಸ್ ಹಾಕ್ಕೊಂಡು ಹೋಗ್ಬೇಡಿ. ಶಿಂಟೋ, ಅಂದ್ರೆ ಜಪಾನಿನ ಮೂಲ ಧರ್ಮದ ದೇಗುಲದಲ್ಲಿ ಎರಡು ಸಲ ಬಗ್ಗಿ, ಎರಡು ಚಪ್ಪಾಳೆ, ಮತ್ತೊಂದು ಸಲ ಬಗ್ಗೋದು. ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ಇಲ್ಲ, ನಮ್ಮ ಹಾಗೇ ಕೈ ಮುಗಿಯೋದು.

ಕೊನೇದು: ಟೋಕಿಯೋ ದಾರಿಯಲ್ಲಿ

ಕ್ಯೋಟೋದಿಂದ ಟೋಕಿಯೋಗೆ ಹೋಗೋವಾಗ ಶಿಂಕಾನ್ಸೆನ್‌ನಲ್ಲಿ ಇ ಸೀಟು ಕೇಳಿ ತಗೊಳ್ಳಿ, ಎಡಗಡೆ ಕಿಟಕಿ. ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿನ ಪ್ರಯಾಣದಲ್ಲಿ ಟೋಕಿಯೋಗೆ ಮುಕ್ಕಾಲು ಗಂಟೆ ಇದೆ ಅನ್ನೋವಾಗ ಶಿನ್ ಫುಜಿ ಸುತ್ತಮುತ್ತ 3776 ಮೀಟರಿನ ಫುಜಿ ಕಾಣುತ್ತೆ, ಮೋಡ ಇಲ್ಲದಿದ್ರೆ. ಚಳಿಗಾಲದ ಬೆಳಗ್ಗೆ ಸಿಗೋ ಸಾಧ್ಯತೆ ಜಾಸ್ತಿ, ಬೇಸಿಗೆಯಲ್ಲಿ ಹೆಚ್ಚಾಗಿ ಬರೀ ಬಿಳಿ.

ಟೋಕಿಯೋದಲ್ಲಿ ಎರಡು ದಿನ ಸಾಕು. ಒಂದು ದಿನ ಕಾಮಾಕುರಾ, ಟ್ರೇನಲ್ಲಿ ಒಂದು ಗಂಟೆ, 13ನೇ ಶತಮಾನದ ಕಂಚಿನ ಬುದ್ಧ, ಇದಕ್ಕೆ ಸೂರು ಇಲ್ಲ, 15ನೇ ಶತಮಾನದ ಕೊನೆಯಿಂದ ಬಯಲಲ್ಲೇ ಕೂತಿದ್ದಾನೆ. ಚಿಲ್ಲರೆ ಕಾಸು ಕೊಟ್ರೆ ವಿಗ್ರಹದ ಹೊಟ್ಟೆಯೊಳಗೇ ಹೋಗಿ ಎರಕದ ಬೆಸುಗೆ ನೋಡ್ಬೋದು. ಇನ್ನೊಂದು ದಿನ ಬೆಳಗ್ಗೆ ಬೇಗ ಅಸಾಕುಸಾದ ಸೆನ್ಸೋಜಿ, ಆಮೇಲೆ ಪಕ್ಕದ ಉಯೆನೋ. ಉಯೆನೋದ ಮೃಗಾಲಯಕ್ಕೆ 1949ರಲ್ಲಿ ನೆಹರು ಜಪಾನಿನ ಮಕ್ಕಳು ಕೇಳಿದ್ರು ಅಂತ ಇಂದಿರಾ ಅನ್ನೋ ಆನೆ ಕಳಿಸಿದ್ರಲ್ಲ, ಅದು ಮೈಸೂರು ಸೀಮೆಯ ಆನೆ. ಅದಕ್ಕೆ ಕನ್ನಡದ ಆಜ್ಞೆ ಬಿಟ್ರೆ ಬೇರೆ ಗೊತ್ತಿರ್ಲಿಲ್ಲ, ಜೊತೆಗೆ ಹೋಗಿದ್ದ ಮಾವುತರಿಂದ ಅಲ್ಲಿಯ ಝೂ ಸಿಬ್ಬಂದಿ ಕನ್ನಡ ಕಲಿತ್ಕೊಂಡ್ರಂತೆ. 1983ರವರೆಗೆ ಬದುಕಿತ್ತು. ಪಾರ್ಕಲ್ಲೇ ನ್ಯಾಷನಲ್ ಮ್ಯೂಸಿಯಂ ಇದೆ, ಅದಕ್ಕೆ ಅರ್ಧ ದಿನ ಇಡಿ, ಸೋಮವಾರ ಸಾಮಾನ್ಯವಾಗಿ ರಜಾ. ಅಲ್ಲಿಂದ ನರೀತಾಗೆ ಕೇಸೇಯ್ ಉಯೆನೋ ಸ್ಟೇಷನ್ನಿಂದ ಸ್ಕೈಲೈನರ್ ಮುಕ್ಕಾಲು ಗಂಟೆ ಅಷ್ಟೇ, ಲಗೇಜನ್ನ ಬೆಳಗ್ಗೆನೇ ಆ ಸ್ಟೇಷನ್ನಿನ ಲಾಕರಲ್ಲಿ ಇಟ್ಟು ಹೋದ್ರೆ ಹೋಟೆಲಿಗೆ ವಾಪಸ್ ಹೋಗೋ ಓಡಾಟ ತಪ್ಪುತ್ತೆ, ದೊಡ್ಡ ಲಾಕರ್‌ಗಳು ಬೆಳಗ್ಗೆ ಹತ್ತರೊಳಗೆ ತುಂಬಿ ಹೋಗ್ತವೆ.